ಹನೂರು ತಾಲ್ಲೂಕಿನ 2011ರ ಜನಸಂಖ್ಯೆ ತೆಗೆಯೋದು ಹೇಗೆ?

ಹೊಸಲೆಕ್ಕಿಗ:
2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಗೆ ನಾಲ್ಕೇ ತಾಲ್ಲೂಕು, ಹನೂರು ಇಲ್ಲ. ಗ್ರಾಮವಾರು ಕಡತ ಇಳಿಸಿಕೊಂಡು ಕೂಡಿದರೆ ಮೊತ್ತ ಎರಡು ಪಟ್ಟು ದಾಟುತ್ತಿದೆ. ಎಲ್ಲಿ ಎಡವಟ್ಟಾಗಿದೆ? ಜನಸಾಂದ್ರತೆಯೂ ಬೇಕು.

ಹಳೇಪಹಣಿ:
ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗಿತ್ತು. 2011ರಲ್ಲಿ ಇಡೀ ರಾಜ್ಯಕ್ಕೆ ಇದ್ದದ್ದು 176 ತಾಲ್ಲೂಕು, ಆಮೇಲೆ ಆದ ಯಾವ ತಾಲ್ಲೂಕಿಗೂ ಸಿದ್ಧ ಅಂಕಿ ಸಿಗಲ್ಲ. ನಾವೇ ಕಟ್ಟಬೇಕು.

ಮೊತ್ತ ಉಬ್ಬೋದು ಯಾಕೆ ಅಂದರೆ, ಆ ಕಡತದಲ್ಲಿ ತಾಲ್ಲೂಕಿನ ಸಾಲೇ ಮೂರು ಸಲ ಬರುತ್ತದೆ: ಒಟ್ಟು, ಗ್ರಾಮೀಣ, ನಗರ. ಅದರ ಕೆಳಗೆ ಹಳ್ಳಿಗಳು, ಪಟ್ಟಣ, ಪಟ್ಟಣದ ವಾರ್ಡ್‌ಗಳು. ‘ಲೆವೆಲ್’ ಕಾಲಂನಲ್ಲಿ ‘ವಿಲೇಜ್’ ಮತ್ತು ‘ಟೌನ್’ ಎರಡನ್ನೇ ಉಳಿಸಿ. ‘ವಿಲೇಜ್’ ಒಂದನ್ನೇ ಇಟ್ಟರೆ ಹನೂರು ಪಟ್ಟಣ ಪಂಚಾಯಿತಿಯೇ ಬಿಟ್ಟುಹೋಗುತ್ತದೆ.

ಹೋಬಳಿ ಜನಗಣತಿಯಲ್ಲಿ ಇಲ್ಲ, ಅದು ಕಂದಾಯದವರ ಲೆಕ್ಕ. ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದ ಪಹಣಿ ಪುಟದಲ್ಲಿ ಹನೂರು ತಾಲ್ಲೂಕು ಆರಿಸಿ, ಹೋಬಳಿವಾರು ಗ್ರಾಮಗಳನ್ನು ಬರೆದುಕೊಂಡು ಹೆಸರು ಹೊಂದಿಸಿ. ವಿಧಾನಸಭಾ ಕ್ಷೇತ್ರದ ಪಟ್ಟಿ ಹಿಡಿಯಬೇಡಿ, ಕ್ಷೇತ್ರದ ಗಡಿ ಬೇರೆ.

ಕಾಡಂಚು:
ಹೆಸರು ಹೊಂದಿಸೋಕೆ ಹೋದರೆ ಕೆಟ್ಟಿರಿ. ಒಂದೇ ಊರನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆದಿರುತ್ತಾರೆ, ಒಂದೇ ಹೆಸರಿನ ಎರಡು ಊರೂ ಇರುತ್ತವೆ. ಕೇಂದ್ರ ಸರ್ಕಾರದ ‘ಲೋಕಲ್ ಗವರ್ನಮೆಂಟ್ ಡೈರೆಕ್ಟರಿ’ ಜಾಲತಾಣದಲ್ಲಿ ಗ್ರಾಮದ ಎದುರು 2011ರ ಆರಂಕಿಯ ಕೋಡ್ ಇರುತ್ತದೆ, ಅದರಿಂದಲೇ ಜೋಡಿಸಿ. ಕೋಡ್ ಕಾಲಂ ‘ಟೆಕ್ಸ್ಟ್’ ಆಗಿರಲಿ, ಇಲ್ಲದಿದ್ದರೆ ಕೋಡಿನ ಮುಂದೆ ಸೊನ್ನೆ ಇದ್ದರೆ ಎಕ್ಸೆಲ್ ಅದನ್ನು ನುಂಗುತ್ತದೆ.

ಸಾಂದ್ರತೆ ಇನ್ನೂ ನಾಜೂಕು. ಗ್ರಾಮಗಳ ವಿಸ್ತೀರ್ಣ ಹೆಕ್ಟೇರ್‌ನಲ್ಲಿದೆ, ಪಟ್ಟಣದ್ದು ಚದರ ಕಿಲೋಮೀಟರ್‌ನಲ್ಲಿ. 100 ಹೆಕ್ಟೇರ್‌ಗೆ 1 ಚದರ ಕಿ.ಮೀ. ಬೇಚರಾಕ್ ಗ್ರಾಮದಲ್ಲಿ ಜನ ಸೊನ್ನೆಯಾದರೂ ನೆಲ ಇದೆ, ಅದನ್ನೂ ಸೇರಿಸಿ. ಹನೂರಿನ ದೊಡ್ಡ ಭಾಗ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳ ಕಾಡು. ಗ್ರಾಮದ ಎಲ್ಲೆಗೆ ಸೇರದ ಮೀಸಲು ಅರಣ್ಯ ಗ್ರಾಮಗಳ ಮೊತ್ತದಲ್ಲಿ ಬರಲ್ಲ. ಹಾಗಾಗಿ ಕಾಡು ಸೇರಿಸಿ ಒಂದು, ಬಿಟ್ಟು ಒಂದು, ಎರಡು ಸಾಂದ್ರತೆ ಕೊಡಿ. ರಾಜ್ಯದ ಸರಾಸರಿ ಸಾಂದ್ರತೆಯಾದ ಚದರ ಕಿ.ಮೀ.ಗೆ 319ರ ಪಕ್ಕ ಒಂದೇ ಅಂಕಿ ಇಟ್ಟರೆ ಅರ್ಥವಾಗಲ್ಲ. ರಾಮಾಪುರದ ಬಯಲೂ ಗೋಪಿನಾಥಂ ಸುತ್ತಲ ಕಾಡೂ ಒಂದೇ ಸರಾಸರಿಯಲ್ಲಿ ಮುಳುಗಿಹೋಗುತ್ತವೆ.

ಹಳೇಪಹಣಿ:
ಕೋಡ್ ವಿಚಾರ ಒಪ್ಪಿದೆ, ಅದೇ ಸರಿ. ಇನ್ನೆರಡು ಮಾತು. ಸೋಲಿಗರ ಪೋಡುಗಳು (ಕಾಡಿನ ಹಾಡಿಗಳು), ಮಜರೆಗಳು (ಉಪಗ್ರಾಮಗಳು) ಜನಗಣತಿಯಲ್ಲಿ ಬೇರೆ ಸಾಲಾಗಿ ಸಿಗೋದು ಕಡಿಮೆ. ಜನ ಎಣಿಕೆಯಾಗಿರುತ್ತಾರೆ, ಲೆಕ್ಕ ಮಾತ್ರ ಮೂಲ ಗ್ರಾಮದ ಹೆಸರಲ್ಲಿ. ಪೋಡು ಕಾಣಲಿಲ್ಲವೆಂದು ಪ್ರತ್ಯೇಕವಾಗಿ ಕೂಡಬೇಡಿ, ಎರಡು ಸಲ ಆಗುತ್ತದೆ.

ಸಾಕ್ಷರತೆಗೆ 0–6 ವಯಸ್ಸಿನವರನ್ನು ಕಳೆದು ಭಾಗಿಸಿ. ಉದಾಹರಣೆಗೆ 1,000 ಜನ, 120 ಮಕ್ಕಳು, 550 ಅಕ್ಷರಸ್ಥರು ಅಂದುಕೊಳ್ಳಿ: 550ನ್ನು 880ರಿಂದ ಭಾಗಿಸಿದರೆ ಶೇ. 62.5. ಗ್ರಾಮಗಳ ಶೇಕಡಾಗಳ ಸರಾಸರಿ ತೆಗೆಯಬೇಡಿ, ಮೊದಲು ಕೂಡಿ, ಕೊನೆಗೊಮ್ಮೆ ಭಾಗಿಸಿ.

ಹೊಸಲೆಕ್ಕಿಗ:
ವಾರ್ಡ್ ಸಾಲುಗಳನ್ನೂ ಕೂಡಿದ್ದೆ! ತೆಗೆದೆ. ಒಂದು ಅನುಮಾನ, ಕೊಳ್ಳೇಗಾಲದ 1951ರ ಅಂಕಿ ಮೈಸೂರು ರಾಜ್ಯದ ಸಂಪುಟಗಳಲ್ಲಿ ಕಾಣುತ್ತಿಲ್ಲವಲ್ಲ?

ಕಾಡಂಚು:
1956ರವರೆಗೆ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮದ್ರಾಸ್ ಸಂಪುಟ ತೆರೆಯಿರಿ.