ಸ್ಲೀವ್ ಆದ ಮೇಲೆ ಮಾಂಸಕ್ಕೆ ಮರಳಿದವರು ಅನುಭವ ಹೇಳಿ

ಪ್ರಶ್ನೆ ಕೇಳಿದವರು (ಸ್ಲೀವ್, 11ನೇ ವಾರ)

ಎಲ್ಲರಿಗೂ ನಮಸ್ಕಾರ. ತೂಕ ಇಳಿಸಲೆಂದು ಜಠರದ ಬಹುಭಾಗ ತೆಗೆದು ಉಳಿದುದನ್ನು ಕೊಳವೆಯಂತೆ ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ದ್ರವ, ರುಬ್ಬಿದ ಆಹಾರ, ಮೆತ್ತನೆಯ ಆಹಾರ ಎಂಬ ಮೂರು ಹಂತಗಳನ್ನೂ ಹೆಚ್ಚು ತೊಂದರೆಯಿಲ್ಲದೆ ದಾಟಿ ಬಂದಿದ್ದೇನೆ. ಮೊಟ್ಟೆ ಮತ್ತು ಮೀನು ಒಗ್ಗಿವೆ. ಕೋಳಿಯ ಎದೆಮಾಂಸವನ್ನು ಮಾತ್ರ ಎರಡು ಸಲ ತಿಂದೆ. ಎರಡು ಸಲವೂ ಮೂರನೇ ತುತ್ತಿಗೆ ಎದೆಯ ನಡುವೆ ಕಲ್ಲು ಕೂತಂತಾಗಿ, ಬಾಯಿ ತುಂಬ ನೊರೆ ಬಂದು, ಮುಕ್ಕಾಲು ಗಂಟೆ ಸಿಂಕಿನ ಮುಂದೆ ನಿಂತಿದ್ದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಆಗಬೇಕೆಂದು ಆಹಾರ ತಜ್ಞೆ ಹೇಳಿದ್ದಾರೆ, ನನ್ನದು 45ರಲ್ಲೇ ನಿಲ್ಲುತ್ತಿದೆ. ಮೂರನೇ ಸಲ ಎಷ್ಟು ದಿನ ಬಿಟ್ಟು, ಯಾವ ಮಾಂಸವನ್ನು, ಹೇಗೆ ಬೇಯಿಸಿ ತಿನ್ನಲಿ? ತಿಂದು ದಕ್ಕಿಸಿಕೊಂಡವರು ದಯವಿಟ್ಟು ತಿಳಿಸಿ.

ಉತ್ತರ 1 (ಸ್ಲೀವ್, ನಾಲ್ಕನೇ ವರ್ಷ)

ನಾನು ಮಾಂಸಕ್ಕೆ ಮರಳಿದ್ದು ಹತ್ತೊಂಬತ್ತು ಸಲ ಪ್ರಯತ್ನಿಸಿ, ಅದರಲ್ಲಿ ಏಳು ಸಲ ವಾಂತಿ ಮಾಡಿಕೊಂಡ ಮೇಲೆ. ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ತಾರೀಖು, ಗ್ರಾಂ, ಎಷ್ಟು ನಿಮಿಷ ತಿಂದೆ, ಎಷ್ಟನೇ ತುತ್ತಿಗೆ ತಡೆಯಿತು. ಏಳರಲ್ಲಿ ಐದು ವಾಂತಿ ಹಿಂದಿನ ದಿನ ಬೇಯಿಸಿ, ಫ್ರಿಜ್ಜಿನಲ್ಲಿಟ್ಟು, ಮತ್ತೆ ಬಿಸಿ ಮಾಡಿದ ಎದೆಮಾಂಸದಿಂದಲೇ ಆದವು. ಎದೆಮಾಂಸದಲ್ಲಿ ಕೊಬ್ಬು ಕಡಿಮೆ, ಎಳೆ ಉದ್ದ. ಎರಡನೇ ಸಲ ಬಿಸಿಗೆ ಬಿದ್ದಾಗ ಉಳಿದ ನೀರೂ ಹೋಗಿ ಅದು ಹತ್ತಿಯ ಉಂಡೆಯಂತಾಗುತ್ತದೆ. ಎಷ್ಟು ಅಗಿದರೂ ಬಾಯಲ್ಲಿ ಉಳಿಯುವುದು ಆ ಒಣ ಎಳೆಗಳೇ.

ಎಂಟನೇ ಸಲದಿಂದ ತೊಡೆಯ ಮಾಂಸಕ್ಕೆ ಬದಲಾದೆ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ, ನೀರು ಬತ್ತದಂತೆ ಬೇಯಿಸಿದಾಗ ಎಳೆಗಳ ನಡುವಿನ ಅಂಟು ಕರಗಿ, ಚಮಚದ ಹಿಂಬದಿಯಿಂದ ಒತ್ತಿದರೆ ಮಾಂಸ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಳ್ಳದಿದ್ದರೆ ಅಂದು ತಿನ್ನುತ್ತಿರಲಿಲ್ಲ. ತೂಕ ಮಾಡಿ 15 ಗ್ರಾಂ, ಅದನ್ನು ಕಡಲೆಕಾಳಿನ ಗಾತ್ರದ ಹತ್ತು ಚೂರು ಮಾಡಿ, ಒಂದೊಂದು ಚೂರಿಗೆ ಎರಡು ನಿಮಿಷ. ಹದಿನಾಲ್ಕನೇ ವಾರದ ಕೊನೆಗೆ 30 ಗ್ರಾಂ ದಕ್ಕಿತು, ಎಂದರೆ ಸುಮಾರು ಏಳೆಂಟು ಗ್ರಾಂ ಪ್ರೋಟೀನ್. ಅಂದು ನನಗೆ ಆದ ಸಂತೋಷ ತೂಕದ ಯಂತ್ರ ಕೊಟ್ಟ ಯಾವ ಸಂತೋಷಕ್ಕೂ ಕಡಿಮೆಯಿರಲಿಲ್ಲ. ತಾಳ್ಮೆಯಿಂದ ಅಗಿದು ತಿನ್ನುವವರಿಗೆ ಮಾಂಸ ಬಂದೇ ಬರುತ್ತದೆ.

ಉತ್ತರ 2 (ಬೈಪಾಸ್, ಆರನೇ ವರ್ಷ)

"ತಾಳ್ಮೆಯಿಂದ ಅಗಿಯಿರಿ" ಎಂಬ ಈ ಮಾತನ್ನು ನಾನು ಆಸ್ಪತ್ರೆಯವರಿಂದ ಇಪ್ಪತ್ತಾರು ದಿನ ಕೇಳಿದೆ. ನನ್ನದು ಬೈಪಾಸ್, ಎಂದರೆ ಜಠರದ ಮೇಲ್ಭಾಗವನ್ನು ಸಣ್ಣ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಮುಂದಿನ ಭಾಗಕ್ಕೆ ಜೋಡಿಸುವುದು. ಆರನೇ ವಾರದಲ್ಲಿ ಕೋಳಿ ಸಿಕ್ಕಿಕೊಂಡಿತು, ಅಗಿದಿಲ್ಲ ಎಂದರು. ಮೀನು ಸಿಕ್ಕಿಕೊಂಡಿತು, ಅವಸರ ಮಾಡಿದಿರಿ ಎಂದರು. ಮೊಟ್ಟೆ ಸಿಕ್ಕಿಕೊಂಡಿತು, ಮನಸ್ಸಿನ ಭಯ ಎಂದರು. ಕೊನೆಗೆ ಒಂದು ಗುಟುಕು ನೀರು ಹೊಟ್ಟೆಗಿಳಿಯದೆ ವಾಪಸು ಬಂದ ದಿನ ಎಂಡೋಸ್ಕೋಪಿ ಮಾಡಿದರು. ಚೀಲಕ್ಕೂ ಕರುಳಿಗೂ ಹಾಕಿದ್ದ ಜೋಡಣೆ ಗಾಯ ಮಾಯುವಾಗ ಬಿಗಿದು, ಪೆನ್ಸಿಲ್ ತುದಿಯಷ್ಟೇ ದಾರಿ ಉಳಿದಿತ್ತು. ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಬಲೂನ್ ಹಾಕಿ ಅದನ್ನು ಹಿಗ್ಗಿಸಬೇಕಾಯಿತು.

ನನ್ನ ಸಿಟ್ಟು ದಾರಿ ಬಿಗಿದುದಕ್ಕಲ್ಲ. ಅದು ಬೈಪಾಸ್ ಆದ ಮೊದಲ ಮೂರು ತಿಂಗಳಲ್ಲಿ ಯಾರಿಗಾದರೂ ಆಗಬಹುದು. ಆ ಇಪ್ಪತ್ತಾರು ದಿನ ವಾಂತಿಯಲ್ಲೇ ಕಳೆದುಹೋದವು ಎಂಬುದಕ್ಕೆ. ದೇಹದಲ್ಲಿರುವ ಥಯಾಮಿನ್ (ವಿಟಮಿನ್ ಬಿ1) ದಾಸ್ತಾನು ಎರಡು ಮೂರು ವಾರದಲ್ಲಿ ಬರಿದಾಗುತ್ತದೆ. ನನಗೆ ಕಣ್ಣು ಎರಡೆರಡಾಗಿ ಕಾಣತೊಡಗಿ, ನಡೆಯುವಾಗ ಕಾಲು ತೂರಾಡತೊಡಗಿದ ಮೇಲೆ ಒಬ್ಬ ವೈದ್ಯೆ ಗ್ಲೂಕೋಸ್ ಹಾಕುವುದಕ್ಕೂ ಮೊದಲು ಥಯಾಮಿನ್ ಚುಚ್ಚುಮದ್ದು ಕೊಟ್ಟರು. ಇಂದಿಗೂ ಎಡಗಾಲಿನ ಬೆರಳುಗಳಲ್ಲಿ ಜೋಮು ಉಳಿದಿದೆ.

ಕೇಳಿದವರಿಗೆ ನನ್ನ ಮರುಪ್ರಶ್ನೆ ಒಂದೇ. ನಿಮಗೆ ನೀರು ಸರಾಗವಾಗಿ ಇಳಿಯುತ್ತಿದೆಯೇ?

ಉತ್ತರ 3 (ಬೈಪಾಸ್, ಐದನೇ ವರ್ಷ, ಮಾಂಸ ಬಿಟ್ಟವಳು)

ಮಾಂಸಕ್ಕೆ ಮರಳಲೇಬೇಕೆಂಬ ಹಟ ಯಾಕೆ ಎಂಬುದು ನನಗೆ ಅರ್ಥವಾಗುವುದಿಲ್ಲ. ಮೂವತ್ತೆಂಟು ವರ್ಷ ತಿಂದವಳು ನಾನು. ಶಸ್ತ್ರಚಿಕಿತ್ಸೆಯ ಬಳಿಕ ಕುರಿ ಮಾಂಸದ ವಾಸನೆಗೇ ಹೊಟ್ಟೆ ತೊಳೆಸತೊಡಗಿತು. ಮನೆಯವರ ಒತ್ತಾಯಕ್ಕೆ ನಾಲ್ಕು ತಿಂಗಳು ಹೆಣಗಾಡಿದೆ. ತಿಂದ ಪ್ರತಿ ರಾತ್ರಿಯೂ ಒರಗು ಕುರ್ಚಿಯಲ್ಲೇ ಕೂತು ಬೆಳಗು ಮಾಡಿದೆ. ಒಂದು ದಿನ ತಟ್ಟೆ ಸರಿಸಿ, ಇನ್ನು ಸಾಕು ಎಂದೆ. ಅಂದಿನಿಂದ ಮೊಸರು, ಬೇಳೆ, ಸೋಯಾ, ಮೊಟ್ಟೆ, ಪ್ರೋಟೀನ್ ಪುಡಿ ಇವುಗಳಲ್ಲೇ ದಿನಕ್ಕೆ 70 ಗ್ರಾಂ ಮುಟ್ಟಿಸುತ್ತಿದ್ದೇನೆ. ನನ್ನ ನಿರ್ಧಾರಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಉತ್ತರ 1

ಮೇಡಂ, ತಮ್ಮ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ಎಂದು ಹೇಳುವಿರಾ? ಮಾಂಸದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ, ಬೇಳೆಯಲ್ಲಿರುವುದನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಹೊಸದಾಗಿ ಶಸ್ತ್ರಚಿಕಿತ್ಸೆ ಆದವರಿಗೆ "ಬಿಟ್ಟುಬಿಡಿ" ಎಂದು ಹೇಳುವ ಮೊದಲು ಇದನ್ನೂ ಹೇಳಬೇಕಿತ್ತು.

ಉತ್ತರ 3

ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ, ನಾನು ಬಿಟ್ಟೆ ಎಂದೆ. ಫೆರಿಟಿನ್ ಕೇಳಿದಿರಿ, ಹೇಳುತ್ತೇನೆ: ಎರಡನೇ ವರ್ಷದಲ್ಲಿ 6ಕ್ಕೆ ಇಳಿದಿತ್ತು, ರಕ್ತನಾಳದ ಮೂಲಕ ಎರಡು ಸಲ ಕಬ್ಬಿಣ ಹಾಕಿಸಿಕೊಂಡೆ. ಆದರೆ ಅದರ ಕಾರಣವನ್ನು ನನ್ನ ತಟ್ಟೆಯಲ್ಲಿ ಹುಡುಕಬೇಡಿ. ಕಬ್ಬಿಣ ಮುಖ್ಯವಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಬೈಪಾಸ್ ಆದವರ ಆಹಾರ ಆ ದಾರಿಯಲ್ಲಿ ಹೋಗುವುದೇ ಇಲ್ಲ. ನನ್ನ ಜೊತೆಗೇ ಬೈಪಾಸ್ ಮಾಡಿಸಿಕೊಂಡು ಇಂದಿಗೂ ಮಾಂಸ ತಿನ್ನುವವರ ಫೆರಿಟಿನ್ ಕೂಡ ಬಿದ್ದಿತ್ತು. ಆಗ ನಾನು ಮಾಡುತ್ತಿದ್ದ ತಪ್ಪು ಬೇರೆ: ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಿ, ಮೇಲೆ ಚಹಾ ಕುಡಿಯುತ್ತಿದ್ದೆ. ಎರಡರ ನಡುವೆ ಎರಡು ಗಂಟೆ ಅಂತರ ಬೇಕೆಂದು ತಿಳಿಯುವಷ್ಟರಲ್ಲಿ ಕೂದಲು ಹಿಡಿ ಹಿಡಿಯಾಗಿ ಬಂದಿತ್ತು.

ಸ್ಲೀವ್ ಆದವರು ತಮಗೇನೂ ಆಗದು ಎಂದು ಕೂರುವುದೂ ತಪ್ಪು. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದಾಗ ಆಮ್ಲವನ್ನೂ, ಬಿ12 ಹೀರಿಕೊಳ್ಳಲು ಬೇಕಾದ ವಸ್ತುವನ್ನೂ ಮಾಡುವ ಜೀವಕೋಶಗಳು ಬಹುಪಾಲು ಹೋಗಿರುತ್ತವೆ. ತಾವು ಬಿ12 ಕೊನೆಯ ಸಲ ನೋಡಿಸಿದ್ದು ಯಾವಾಗ?

ಉತ್ತರ 1

ಒಂದೂವರೆ ವರ್ಷವಾಯಿತು. ಮಾಂಸ ತಿನ್ನುವವನಿಗೆ ಬೇಕಿಲ್ಲ ಎಂದುಕೊಂಡಿದ್ದೆ. ಈ ವಾರವೇ ನೋಡಿಸುತ್ತೇನೆ. ಆದರೂ 30 ಗ್ರಾಂ ಮಾಂಸಕ್ಕಾಗಿ ನಾನು ಪಟ್ಟ ಪಾಡನ್ನು ಹಟ ಎಂದು ಕರೆದಿದ್ದು ನನಗೆ ನೋವಾಗಿದೆ.

ಉತ್ತರ 4 (ಸ್ಲೀವ್, ಎರಡನೇ ವರ್ಷ)

ನೀರಿನ ವಿಷಯ ಬಂದಿದ್ದರಿಂದ ಹೇಳುತ್ತಿದ್ದೇನೆ. ಊಟದ ನಂತರ ಅರ್ಧ ಗಂಟೆ ನೀರು ಮುಟ್ಟಬಾರದು ಎಂಬ ನಿಯಮವನ್ನು ನಾನು ಪಾಲಿಸಿಲ್ಲ. ಮಾಂಸದ ಪ್ರತಿ ತುತ್ತಿನ ಬಳಿಕ ಒಂದು ಗುಟುಕು ಬಿಸಿ ನೀರು ಕುಡಿದೇ ನಾನು ಮಾಂಸಕ್ಕೆ ಮರಳಿದ್ದು.

ಉತ್ತರ 2

ದಯವಿಟ್ಟು ಇದನ್ನು ಇಲ್ಲಿ ಸಲಹೆಯಾಗಿ ಕೊಡಬೇಡಿ. ಮಾಂಸ ತಡೆದು ನಿಂತಾಗ ಮೇಲಿನಿಂದ ನೀರು ಹೊಯ್ದರೆ ಆ ನೀರಿಗೆ ಹೋಗಲು ಜಾಗವೆಲ್ಲಿದೆ? ನೋವು ಇಮ್ಮಡಿಯಾಗಿ ಎರಡೂ ಒಟ್ಟಿಗೆ ಮೇಲೆ ಬರುತ್ತವೆ. ನಾನು ಅದನ್ನೂ ಮಾಡಿ ನೋಡಿದವನು.

ಉತ್ತರ 4

ತಮ್ಮದು ಬಿಗಿದ ಜೋಡಣೆ, ನನ್ನದಲ್ಲ. ಎಲ್ಲರ ಹೊಟ್ಟೆಯನ್ನೂ ತಮ್ಮ ಹೊಟ್ಟೆಯಿಂದಲೇ ಅಳೆಯಬೇಡಿ.

ಉತ್ತರ 1

ಇದರಲ್ಲಿ ನಾನು ಉತ್ತರ 2 ಬರೆದವರ ಪರ. ತೇವ ಬೇಕಾದದ್ದು ಮಾಂಸಕ್ಕೆ. ಬೆಂದ ರಸದ ಜೊತೆಯಲ್ಲೇ ತಿಂದರೆ ಬೇರೆ ನೀರು ಬೇಕಾಗುವುದಿಲ್ಲ. ಕುಡಿದು ಕುಡಿದು ನುಂಗುವ ಅಭ್ಯಾಸವಾದರೆ ಹೊಟ್ಟೆ ತುಂಬಿದ್ದು ತಿಳಿಯದೆ ಮುಂದೆ ತೂಕವೂ ಏರಬಹುದು.

ಉತ್ತರ 4

ನನ್ನ ತೂಕ ಏರಿದೆ ಎಂದು ಯಾರು ಹೇಳಿದರು?

ಉತ್ತರ 1

ಯಾರೂ ಹೇಳಿಲ್ಲ, ನನ್ನದು ಏರಿತ್ತು. ಎರಡನೇ ವರ್ಷದಲ್ಲಿ ಹನ್ನೊಂದು ಕಿಲೋ. ಅದನ್ನು ಇಳಿಸಲು ಮತ್ತೊಂದು ವರ್ಷ ಹಿಡಿಯಿತು.

ಪ್ರಶ್ನೆ ಕೇಳಿದವರು

ನೀರು ಇಳಿಯುತ್ತಿದೆ. ದಿನಕ್ಕೆ ಒಂದೂವರೆ ಲೀಟರು ಆಗುತ್ತಿದೆ, ಮೀನು ಮೊಟ್ಟೆ ಎಂದೂ ತಡೆದಿಲ್ಲ. ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಸ್ಲೀವ್ ಬಾಗುವ ಜಾಗದಲ್ಲೂ ದಾರಿ ಕಿರಿದಾಗುವುದುಂಟು, ಮೆತ್ತಗಿನದೂ ತಡೆಯತೊಡಗಿದರೆ ಅಂದೇ ಬರಬೇಕು, ಬರೀ ಕೋಳಿ ತಡೆದರೆ ಎರಡು ವಾರ ಬಿಟ್ಟು ಕೈಮಾದ ರೂಪದಲ್ಲಿ ನೋಡಿ ಎಂದರು. ಎದೆಮಾಂಸವನ್ನು ಎರಡು ಸಲವೂ ಹಿಂದಿನ ದಿನವೇ ಬೇಯಿಸಿಟ್ಟಿದ್ದೆ ಎಂಬುದು ಇಲ್ಲಿ ಓದಿದ ಮೇಲೆ ನೆನಪಾಯಿತು. ಅಲ್ಲಿಯವರೆಗೆ ಕೊರತೆಯ 15 ಗ್ರಾಂ ಅನ್ನು ಪುಡಿಯಿಂದ ತುಂಬಿಸುತ್ತೇನೆ.

ಉತ್ತರ 3

ಪುಡಿಯನ್ನು ತಣ್ಣನೆಯ ಹಾಲಿಗೆ ಹಾಕಿ ಕಲಸಿ. ಕುದಿಯುವ ಹಾಲಿಗೆ ಹಾಕಿದರೆ ಗಂಟಾಗುತ್ತದೆ.

ಉತ್ತರ 2

ಎರಡು ವಾರದ ನಂತರ ಬಂದು ಬರೆಯಿರಿ. ದಕ್ಕದಿದ್ದರೂ ಬರೆಯಿರಿ.