ಅಪ್‌ಡೇಟ್: ಡ್ರಿಂಕ್ ಪ್ಯಾಕೇಜ್ ಬೇಕಾಗಲಿಲ್ಲ

ರಾಯಲ್ ಕೆರಿಬಿಯನ್ ಕ್ರೂಸ್ ಹಡಗುಗಳಲ್ಲಿ ಡೈಮಂಡ್ ಸದಸ್ಯರಾದ ಮೇಲೂ (ಪದೇ ಪದೇ ಹೋಗುವವರಿಗೆ ಸಿಗುವ ಒಂದು ದರ್ಜೆ) ಡ್ರಿಂಕ್ ಪ್ಯಾಕೇಜ್, ಅಂದರೆ ದಿನಕ್ಕಿಷ್ಟು ಅಂತ ಮೊದಲೇ ಕೊಟ್ಟು ಪಾನೀಯ ಪಡೆಯುವ ಯೋಜನೆ, ಕೊಳ್ಳಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಮಯಾಮಿಯಿಂದ 7 ರಾತ್ರಿಯ ಪ್ರವಾಸ ಮುಗಿಸಿ ಬಂದೆವು. ಪ್ಯಾಕೇಜ್ ಕೊಳ್ಳಲಿಲ್ಲ, ಒಳ್ಳೆಯದೇ ಆಯಿತು.

ಡೈಮಂಡ್‌ಗೆ 80 ಪಾಯಿಂಟ್ ಬೇಕು. ಸಾಮಾನ್ಯ ಕೋಣೆಯಲ್ಲಿ ರಾತ್ರಿಗೆ ಒಂದು, ಸೂಟ್‌ನಲ್ಲಿ ಎರಡು. ಒಂದೇ ವಿಳಾಸದ ಗಂಡ ಹೆಂಡತಿಗೆ ಒಂದೇ ದರ್ಜೆ ಸಿಗುತ್ತದೆ. ಡೈಮಂಡ್‌ನವರಿಗೆ ದಿನಕ್ಕೆ ತಲಾ 4 ಉಚಿತ ಡ್ರಿಂಕ್ ವೋಚರ್, ಹಾಗಾಗಿ ನಮ್ಮಿಬ್ಬರಿಗೆ ಎಂಟು! ಹಡಗಿನಲ್ಲಿ ಕೋಣೆಯ ಕೀಲಿಯಾಗಿ, ಖರ್ಚಿಗೆ ಬಳಸುವ ಸೀಪಾಸ್ ಕಾರ್ಡ್‌ಗೇ ಬಂದಿರುತ್ತವೆ. ಬರೀ ಮದ್ಯಕ್ಕೆ ಅಂತಲ್ಲ, ಕಾಫಿಗೂ ನಡೆಯುತ್ತವೆ. ನನ್ನವರು ಕುಡಿಯುವುದೇ ಇಲ್ಲ. ಅವರ ವೋಚರ್ ಬೆಳಿಗ್ಗೆ ಲಾಟೆ, ಮಧ್ಯಾಹ್ನ ಮದ್ಯವಿಲ್ಲದ ಮಾಕ್‌ಟೇಲ್ ಅಂತ ಆರಾಮಾಗಿ ಖರ್ಚಾಯಿತು. ಉಳಿದದ್ದು ಮಾತ್ರ ಮರುದಿನಕ್ಕೆ ಬರುವುದಿಲ್ಲ, ನೆನಪಿರಲಿ.

ಮದ್ಯ ಸೇರಿದ ಪ್ಯಾಕೇಜ್‌ನಲ್ಲಿ ನನಗೆ ಸರಿಬರದ್ದು ಒಂದೇ: ಒಬ್ಬರು ಕೊಂಡರೆ ಅದೇ ಕೋಣೆಯ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕು. ಮೇಲೆ 18% ಗ್ರ್ಯಾಚುಟಿ (ಟಿಪ್ಸ್) ಬೇರೆ. ಕುಡಿಯದವರಿಗೆ ಸುಮ್ನೆ ಯಾಕೆ ಅಷ್ಟು ದುಡ್ಡು, ಅಲ್ವಾ? ದಿನಕ್ಕೆ ತಲಾ ಏಳೆಂಟು ಡ್ರಿಂಕ್ ಬೇಕು ಅನ್ನುವ ಜೋಡಿಯಾದರೆ ಲೆಕ್ಕ ಬೇರೆ.

ಮೊದಲು ವೋಚರ್ ಬಳಸಿ ನೋಡಿ ಎಂದ ಎಲ್ಲರಿಗೂ ಮನಸಾರೆ ಧನ್ಯವಾದ.