ಬಿಟ್ಟುಹೋದ ಲ್ಯಾಬ್ರಡಾರ್ ಸಿಕ್ಕಿದೆ: ನಾವೇ ಸಾಕಬೇಕೇ, ಬೇರೆ ಮನೆ ಹುಡುಕಬೇಕೇ?

ಮಲ್ಲಿಗೆಬಳ್ಳಿ, ಬೆಂಗಳೂರು:
ವಿದ್ಯಾರಣ್ಯಪುರದ ಅಪಾರ್ಟ್‌ಮೆಂಟ್ ಒಂದರಲ್ಲಿ ಬಾಡಿಗೆಗೆ ಇದ್ದೇವೆ. ಹೋದ ವಾರ ಕೆರೆ ಏರಿಯ ಮೇಲೆ ಒಂದು ಹೆಣ್ಣು ಲ್ಯಾಬ್ರಡಾರ್ ಸಿಕ್ಕಿತು. ಕೊರಳಪಟ್ಟಿಯಿಂದ ಹಗ್ಗದ ತುಂಡು ನೇತಾಡುತ್ತಿತ್ತು. ವೈದ್ಯರು ಹಲ್ಲು ನೋಡಿ ಒಂದೂವರೆ, ಹೆಚ್ಚೆಂದರೆ ಎರಡು ವರ್ಷ ಎಂದರು. ನಾಯಿಗಳನ್ನು ರಕ್ಷಿಸುವ ತಂಡದವರ ಬಳಿ ಜಾಗವಿಲ್ಲ. ಮನೆ ಸಿಗುವ ತನಕ ನೀವು ಇಟ್ಟುಕೊಳ್ಳಿ, ಔಷಧದ ಖರ್ಚು ನಾವು ಕೊಡುತ್ತೇವೆ ಎಂದಿದ್ದಾರೆ. ಅದು ಮಂಚದ ಕೆಳಗಿನಿಂದ ಹೊರಗೆ ಬರುವುದೇ ಇಲ್ಲ. ರಾತ್ರಿ ಮಾತ್ರ ತಿನ್ನುತ್ತದೆ, ತಟ್ಟೆಯ ಬಳಿ ಹೋದರೆ ಗುರುಗುಟ್ಟುತ್ತದೆ. ಅತ್ತೆಯವರಿಗೆ ಭಯ. ಮಗಳು ಆಗಲೇ ಗೌರಿ ಎಂದು ಹೆಸರಿಟ್ಟು, ನಾವೇ ಸಾಕೋಣ ಎಂದು ಹಟ ಹಿಡಿದಿದ್ದಾಳೆ. ಇಷ್ಟು ಬೆಳೆದ ನಾಯಿ ಹೊಸ ಮನೆಗೆ ಹೊಂದಿಕೊಳ್ಳುತ್ತದೆಯೇ? ಮನೆ ಮಾಲೀಕರು ಒಪ್ಪಿದ್ದಾರೆ, ಆದರೆ ನಿವಾಸಿಗಳ ಸಂಘದವರು ತಕರಾರು ತೆಗೆಯುತ್ತಿದ್ದಾರೆ.

ಹೆಸರಘಟ್ಟದ ಅಜ್ಜಿ:
ಈ ವಾರ ಏನನ್ನೂ ನಿರ್ಧರಿಸಬೇಡಿ, ತಾಯಿ. ನಿಮ್ಮ ಮಂಚದ ಕೆಳಗಿರುವುದು ಹೆದರಿದ ಪ್ರಾಣಿ. ಅದರ ನಿಜವಾದ ಸ್ವಭಾವ ಕಾಣಿಸಲು ಸಮಯ ಬೇಕು. ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ನಾವು ಹೇಳುವುದುಂಟು. ಹೆದರಿಕೆ ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಎಂದು ನಂಬಲು ಮೂರು ತಿಂಗಳು. ಇದು ಅಂದಾಜು, ಕೆಲವು ನಾಯಿಗಳು ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆ. ಸ್ವಲ್ಪ ದಿನಗಳ ನಂತರ ಚಪ್ಪಲಿ ಕಡಿಯತೊಡಗಿದರೆ ಗಾಬರಿಯಾಗಬೇಡಿ, ಧೈರ್ಯ ಬಂದಿದೆ ಎಂದು ತಿಳಿಯಿರಿ.

ನಾನು ವರ್ಷಗಳಿಂದ ಇಂಥ ನಾಯಿಗಳನ್ನೇ ಮನೆಯಲ್ಲಿಟ್ಟುಕೊಂಡು, ಮನೆ ಹುಡುಕಿ ಕಳಿಸುತ್ತಿದ್ದೇನೆ. ಬರುವವುಗಳಲ್ಲಿ ಹೆಚ್ಚಿನವು ಇದೇ ವಯಸ್ಸಿನವು: ಲ್ಯಾಬ್ರಡಾರ್, ಬೀಗಲ್, ಈ ಊರಿನ ಬಿಸಿಲಿಗೆ ಒಗ್ಗದ ಹಸ್ಕಿ. ಮರಿಯನ್ನು ಮುದ್ದಿಗೆಂದು ತಂದವರು, ಅದು ಮೂವತ್ತು ಕಿಲೋ ತೂಗಿ ಹಗ್ಗ ಜಗ್ಗುವ ಹೊತ್ತಿಗೆ ಕೈಬಿಡುತ್ತಾರೆ. ಆ ವಯಸ್ಸು ನಾಯಿಗೆ ಹರೆಯ. ದಿನವಿಡೀ ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಅದು ಬೊಗಳದೆ, ಹರಿಯದೆ ಇನ್ನೇನು ಮಾಡೀತು? ಹಸಿದು ಸಾಯಲೆಂದು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ 10ರಿಂದ 50 ರೂಪಾಯಿ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಗುರುಗುಟ್ಟಿದರೆ ಗದರಬೇಡಿ. ಅದಕ್ಕೆ ಪೆಟ್ಟು ತಿಂದ ನಾಯಿ ಮುಂದೆ ಸದ್ದು ಮಾಡದೆಯೇ ಕಚ್ಚಬಹುದು. ದೂರದಿಂದ ಬೇಯಿಸಿದ ಕೋಳಿಯ ಚೂರೊಂದನ್ನು ತಟ್ಟೆಯತ್ತ ಎಸೆದು ಹೊರಟುಬಿಡಿ. ಜನ ಹತ್ತಿರ ಬಂದರೆ ಊಟ ಕಸಿಯುವುದಿಲ್ಲ, ಇನ್ನಷ್ಟು ಸಿಗುತ್ತದೆ ಎಂದು ಅದಕ್ಕೆ ಮನದಟ್ಟಾಗಬೇಕು. ಅದು ತಿನ್ನುವಾಗ ಮಗಳು ಹತ್ತಿರ ಸುಳಿಯಕೂಡದು, ಮಂಚದ ಕೆಳಗೆ ಕೈ ಚಾಚಲೂಕೂಡದು. ಹೊರಗೆ ಒಯ್ಯುವಾಗ ಎರಡು ಹಗ್ಗ ಇರಲಿ, ಒಂದು ಕೊರಳಪಟ್ಟಿಗೆ, ಇನ್ನೊಂದು ಎದೆಯ ಸುತ್ತ ಕಟ್ಟುವ ಪಟ್ಟಿಗೆ, ಅಂದರೆ ಹಾರ್ನೆಸ್‌ಗೆ. ಒಂದು ಪಟಾಕಿಯ ಸದ್ದಿಗೆ ಕೊರಳಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡುವ ನಾಯಿಗಳಿವೆ.

ನನ್ನ ಮುಖ್ಯ ಮಾತು ಇದು: ಕಂಡದ್ದನ್ನೆಲ್ಲ ಬರೆದಿಡಿ. ಬೈಕಿನ ಸದ್ದಿಗೆ ಏನು ಮಾಡಿತು, ಗಂಡಸರನ್ನು ಕಂಡರೆ ಹೇಗೆ, ಬೆಕ್ಕನ್ನು ಅಟ್ಟುತ್ತದೆಯೇ, ಒಂಟಿಯಾಗಿ ಎಷ್ಟು ಹೊತ್ತು ಸುಮ್ಮನಿರುತ್ತದೆ, ಎಲ್ಲಿ ಮುಟ್ಟಿದರೆ ಮೈ ಬಿಗಿಯುತ್ತದೆ. ಬೇರೆ ಮನೆ ಹುಡುಕುವುದಾದರೆ ಇದನ್ನೆಲ್ಲ ಹಾಗೆಯೇ ಹೇಳಿ. ‘ತುಂಬಾ ಸಾಧು, ಎಲ್ಲರೊಂದಿಗೂ ಹೊಂದುತ್ತದೆ’ ಎಂದು ಬರೆದು ಕಳಿಸಿದ ನಾಯಿಯೇ ಹೆಚ್ಚಾಗಿ ವಾಪಸು ಬರುವುದು. ವಾಪಸು ಬಂದ ನಾಯಿ ಬಾಗಿಲ ಕಡೆ ಬೆನ್ನು ಹಾಕಿ ಮಲಗುತ್ತದೆ, ಕರೆದರೂ ತಿರುಗುವುದಿಲ್ಲ. ಮನೆ ತಡವಾಗಿ ಸಿಗಲಿ, ಆದರೆ ಉಳಿಯುವ ಮನೆ ಸಿಗಲಿ.

ಪಶುವೈದ್ಯ, ತುಮಕೂರು:
ಮಾಲೀಕರನ್ನು ಗುರುತಿಸಲು ಚರ್ಮದಡಿ ಹಾಕುವ ಚಿಪ್ ಇದೆಯೇ ಎಂದು ಮೊದಲು ಸ್ಕ್ಯಾನರ್ ಹಿಡಿದು ನೋಡಿಸಿ. ಹಗ್ಗ ಕಡಿದುಕೊಂಡು ತಪ್ಪಿಸಿಕೊಂಡ ನಾಯಿಯೂ ಇರಬಹುದು. ಸುತ್ತಮುತ್ತಲಿನ ಆಸ್ಪತ್ರೆಗಳಲ್ಲೂ ವಿಚಾರಿಸಿ.

ಉಣ್ಣಿ ಜ್ವರದ ರಕ್ತಪರೀಕ್ಷೆ ಆಗಲೇಬೇಕು, ಪ್ಲೇಟ್‌ಲೆಟ್ ಎಣಿಕೆಯೂ ಸೇರಿ. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರಗಳ ನಂತರ ಲಕ್ಷಣ ಕಾಣಿಸುವುದು ಸಾಮಾನ್ಯ, ಆದ್ದರಿಂದ ಈಗ ಚೆನ್ನಾಗಿದೆ ಎಂದು ಬಿಡಬೇಡಿ. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಎಂಬ ಸೋಂಕು ಇದ್ದರೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಡುತ್ತೇವೆ. ಚೇತರಿಸಿಕೊಂಡಿತೆಂದು ಎಷ್ಟೋ ಮಂದಿ ನಡುವೆಯೇ ನಿಲ್ಲಿಸಿಬಿಡುತ್ತಾರೆ. ಹಳೆಯ ದಾಖಲೆ ಇಲ್ಲದ್ದರಿಂದ ರೇಬೀಸ್ ಮತ್ತು ಇತರ ಲಸಿಕೆಗಳನ್ನು ಹೊಸದಾಗಿ ಹಾಕಿಸಿ. ಸಂತಾನಹರಣ ಚಿಕಿತ್ಸೆಯನ್ನು ಬಹಳ ಮುಂದೂಡಬೇಡಿ. ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಅಪಾಯವಾದ ಹೆಣ್ಣುನಾಯಿಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ.

ಸಹಕಾರನಗರದ ನಿವಾಸಿ:
ಸಂಘದ ವಿಷಯ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರಕಾರ, ಎಲ್ಲ ನಿವಾಸಿಗಳು ಒಪ್ಪಿದರೂ ಸಂಘವು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಅದರ ಪ್ರತಿಯನ್ನು ಕಾರ್ಯದರ್ಶಿಗೆ ಕೊಡಿ. ನಾಯಿಯ ಮಲವನ್ನು ನೀವೇ ಎತ್ತಿ ಹಾಕಿದರೆ ಅರ್ಧ ತಕರಾರು ತಾನಾಗಿ ನಿಲ್ಲುತ್ತದೆ.

ಮಲ್ಲಿಗೆಬಳ್ಳಿ:
ಎಲ್ಲರಿಗೂ ವಂದನೆ. ಕೋಳಿ ಚೂರಿನ ಉಪಾಯ ಇವತ್ತೇ ಶುರುಮಾಡಿದೆವು. ಅಜ್ಜಿ, ಕೊನೆಗೆ ನಾವೇ ಸಾಕುವುದು ಸರಿಯೇ ಎಂದು ಹೇಗೆ ತಿಳಿಯುವುದು?

ಹೆಸರಘಟ್ಟದ ಅಜ್ಜಿ:
ನಿಮ್ಮ ಅತ್ತೆಯವರನ್ನು ಕೇಳಿ. ಹಗಲು ಗೌರಿಯ ಜೊತೆ ಮನೆಯಲ್ಲಿರುವವರು ಅವರೇ ತಾನೇ? ಅವರು ಬಲವಂತಕ್ಕೆ ಒಪ್ಪಿದರೆ ಬೇಡ. ಇನ್ನೂ ಹತ್ತು ವರ್ಷ, ಮಗಳು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೂ, ಬೆಳಿಗ್ಗೆ ಆರಕ್ಕೆ ಎದ್ದು ನಡೆಸುವವರು ಯಾರು ಎಂಬುದಕ್ಕೆ ಮನೆಯಲ್ಲಿ ಉತ್ತರವಿದ್ದರೆ ಸಾಕಿ. ಇಲ್ಲವಾದರೆ ಅಂಥ ಮನೆ ಸಿಗುವ ತನಕ ಇಟ್ಟುಕೊಳ್ಳುವುದೂ ಕಡಿಮೆ ಕೆಲಸವೇನಲ್ಲ. ಹಾರ್ನೆಸ್ ಕೊಳ್ಳಬೇಡಿ, ಲ್ಯಾಬ್ರಡಾರ್ ಅಳತೆಯದೊಂದು ನನ್ನ ಬಳಿ ಇದೆ. ಭಾನುವಾರ ಯಲಹಂಕಕ್ಕೆ ಬರುತ್ತೇನೆ, ಆಗ ತಂದುಕೊಡುತ್ತೇನೆ.